ಮೈಸೂರಿನ ಮೃಗಾಲಯ

ಅಕ್ಕಾ, ನೀವು ಹುಲಿ ನೋಡಿದ್ದೀರಾ?

ನಮ್ಮ ತ್ರಾಸಿಯಿಂದ ಮೈಸೂರಿಗೆ 300 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಮೈಸೂರಿಗೆ ಹೋದವರು ಮೃಗಾಲಯ ನೋಡದೆ ಬರೋದು ಕಡಿಮೆ. ಹುಲಿ, ಸಿಂಹ, ಆನೆ, ಜಿರಾಫೆ ಎಲ್ಲಾ ಅಲ್ಲಿವೆ. ಈ ಮೃಗಾಲಯದ ಕತೆ ಏನು? ಓದೋಣ ಬನ್ನಿ.

ಅರಮನೆಯ ತೋಟದಲ್ಲಿ

ಇದು ಶುರುವಾದದ್ದು 1892ರಲ್ಲಿ. ಆಗ ಹತ್ತನೇ ಚಾಮರಾಜ ಒಡೆಯರು ಮೈಸೂರಿನ ರಾಜರು. ಬೇಸಿಗೆ ಅರಮನೆಯ ತೋಟದಲ್ಲಿ 10 ಎಕರೆ ಜಾಗ ಕೊಟ್ಟು ಅವರು ಇದನ್ನು ಮಾಡಿಸಿದರು. ಆಗ ಅದು ಅರಮನೆಯ ಮೃಗಾಲಯ. ಊರಿನ ಜನರದ್ದಲ್ಲ.

1894ರಲ್ಲಿ ರಾಜರು ತೀರಿಕೊಂಡರು. ಮಗ ಇನ್ನೂ ಸಣ್ಣ ಹುಡುಗ. ರಾಜ್ಯದ ಹೊಣೆ ರಾಣಿಯ ಮೇಲೆ ಬಿತ್ತು. ಅವರ ಹೆಸರು ಕೆಂಪನಂಜಮ್ಮಣ್ಣಿ. ಗಂಡನನ್ನು ಕಳೆದುಕೊಂಡ ದುಃಖದಲ್ಲೂ ಅವರು ಮೂಲೆಯಲ್ಲಿ ಕೂರಲಿಲ್ಲ. ಮಗ ದೊಡ್ಡವನಾಗುವ ತನಕ, ಅಂದರೆ 1902ರವರೆಗೆ, ರಾಜ್ಯ ನಡೆಸಿದರು. ಅದೇ 1902ರಲ್ಲಿ ಮೃಗಾಲಯದ ಬಾಗಿಲು ಜನರಿಗೂ ತೆರೆಯಿತು. 1909ರಲ್ಲಿ ಚಾಮರಾಜೇಂದ್ರ ಮೃಗಾಲಯ ಎಂದು ಹೆಸರಾಯಿತು.

ಕಬ್ಬಿಣದ ಗೂಡು

ಹಿಂದಿನ ಕಾಲದ ಮೃಗಾಲಯಗಳಲ್ಲಿ ಪ್ರಾಣಿಗಳಿಗೆ ಸಣ್ಣ ಗೂಡು. ಎದುರಿಗೆ ಕಬ್ಬಿಣದ ಸರಳು. ಕೆಳಗೆ ಗಟ್ಟಿ ನೆಲ. ನೋಡುವವರಿಗೆ ಸುಲಭ, ತೊಳೆಯುವವರಿಗೂ ಸುಲಭ. ಆದರೆ ಪ್ರಾಣಿಗೆ?

ಹಟ್ಟಿಯ ದನವನ್ನು ನಾಲ್ಕು ದಿನ ಹೊರಗೆ ಬಿಡದಿದ್ದರೆ ಏನಾಗುತ್ತದೆ? ನಮಗೆ ಗೊತ್ತು. ಕಾಡಿನಲ್ಲಿ ಹುಲಿ ಮೈಲಿಗಟ್ಟಲೆ ನಡೆಯುತ್ತದೆ. ಗೂಡಿನಲ್ಲಿ ಅದು ಇದ್ದಲ್ಲೇ ಆಚೆ ಈಚೆ ಸುತ್ತುತ್ತದೆ. ಅದು ಆಟ ಅಲ್ಲ, ಸಂಕಟ.

ಅಗಳಿನ ಉಪಾಯ

ಜರ್ಮನಿ ದೇಶದಲ್ಲಿ ಹಾಗೆನ್‌ಬೆಕ್ ಎಂಬವರಿದ್ದರು. ಪ್ರಾಣಿಗಳು ಎಷ್ಟು ದೂರ ಹಾರುತ್ತವೆ ಅಂತ ಅವರು ಲೆಕ್ಕ ಹಾಕಿದರು. ಅದಕ್ಕಿಂತ ಅಗಲ ಅಗಳು ತೋಡಿಸಿದರು. 1907ರಲ್ಲಿ ಸರಳು ಇಲ್ಲದ ಮೃಗಾಲಯ ತೆರೆದರು. ಈ ಉಪಾಯ ಬೇರೆ ದೇಶಗಳಿಗೂ ಹಬ್ಬಿತು.

ತೋಟಕ್ಕೆ ದನ ನುಗ್ಗಬಾರದು ಅಂತ ನಾವು ಅಗಳು ತೆಗೆಯುತ್ತೇವಲ್ಲ, ಅದೇ ಉಪಾಯ. ಇದು ಇನ್ನೂ ಆಳ, ಇನ್ನೂ ಅಗಲ. ಈಚೆ ಬದಿಯಲ್ಲಿ ನೆಟ್ಟಗಿನ ಗೋಡೆ.

“ಹುಲಿ ಹಾರಿ ಬತ್ತಿಲ್ಯಾ?” ಅಂತ ಕೇಳ್ತೀರಾ? ಲೆಕ್ಕ ಸರಿಯಾಗಿದ್ದರೆ ಬರೋದಿಲ್ಲ.

ಮೈಸೂರಿನಲ್ಲೂ ಗೂಡಿನ ಬದಲು ಇಂಥ ಬಯಲು ಆವರಣಗಳು ಬಂದವು. ಮರ, ಹುಲ್ಲು, ನೀರು ಇವೆ. ಹಿಂದೆ ರಾತ್ರಿ ಮಲಗುವ ಕೋಣೆ ಇದೆ. 10 ಎಕರೆಯ ಜಾಗವೂ ಬೆಳೆಯಿತು. ಕಾರಂಜಿ ಕೆರೆ ಸೇರಿ ಈಗ 150 ಎಕರೆಗೂ ಹೆಚ್ಚು.

ಇದು ಈಗ ನಮ್ಮದು

1948ರಲ್ಲಿ ಮೃಗಾಲಯ ಸರ್ಕಾರಕ್ಕೆ ಬಂತು. 1979ರಿಂದ ಮೃಗಾಲಯ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತಿದೆ. ನಾವು ಕೊಡುವ ಟಿಕೆಟ್ ಹಣ ಪ್ರಾಣಿಗಳ ಊಟಕ್ಕೆ ಬೇಕು. 2020ರಲ್ಲಿ ಕೊರೊನಾ ಬಂತು. ಬಾಗಿಲು ಮುಚ್ಚಿತು. ಟಿಕೆಟ್ ಹಣ ನಿಂತಿತು. ಆಗ ತುಂಬಾ ಜನ ಹಣ ಕೊಟ್ಟರು. ಪ್ರಾಣಿಗಳನ್ನು ದತ್ತು ತೆಗೆದುಕೊಂಡರು. ದತ್ತು ಅಂದರೆ ಮನೆಗೆ ತರೋದಲ್ಲ, ಅದರ ಊಟದ ಖರ್ಚು ಕೊಡೋದು.

ಹಣ ಕೊಡಲು ಆಗದವರು ಏನು ಮಾಡಬಹುದು? ಪ್ರಾಣಿಗೆ ತಿಂಡಿ ಎಸೆಯದೆ ಇರಬಹುದು. ಮಂಗ ಕೈ ಚಾಚಿದರೆ ನಮಗೆ ಕರುಳು ಚುರುಕ್ ಅನ್ನುತ್ತದೆ. ಕಡಲೆಕಾಯಿ ಎಸೆಯುತ್ತೇವೆ. ಜೊತೆಗೆ ಪ್ಲಾಸ್ಟಿಕ್ ಚೀಲವೂ ಒಳಗೆ ಬೀಳುತ್ತದೆ. ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಜೀವ ತೆಗೆಯಬಹುದು. ತಿಂಡಿ ಹಾಕೋದು, ಕೀಟಲೆ ಮಾಡೋದು, ಎರಡೂ ಕಾನೂನಿನ ಪ್ರಕಾರ ತಪ್ಪು.

ಮೃಗಾಲಯದಲ್ಲಿ ಅಲ್ಲಲ್ಲಿ ಬೋರ್ಡುಗಳಿವೆ. ಮೊದಲು ನಾವು ಅವುಗಳ ಮುಂದೆ ಸುಮ್ಮನೆ ದಾಟಿ ಹೋಗುತ್ತಿದ್ದೆವು. ಈಗ ಓದಲು ಬರುತ್ತದೆ. ಮುಂದಿನ ಸಲ ಹೋದಾಗ ನಿಂತು ಓದೋಣ. ಮಕ್ಕಳಿಗೂ ಓದಿ ಹೇಳೋಣ.

ಕೂತು ಮಾತಾಡೋಣ

ಬಯಲು ಆವರಣವೂ ಕಾಡಲ್ಲ. ಪ್ರಾಣಿಗಳನ್ನು ಹೀಗೆ ಇಡೋದು ಸರಿಯಾ? ನಿಮಗೇನು ಅನ್ನಿಸುತ್ತದೆ?