ಮೈಕ್ ಇದ್ದಲ್ಲಿ ಮಾತು: ನುಂಗಂಬಾಕ್ಕಂನಿಂದ ಕಂಡ ವೀಕ್ಷಕ ವಿವರಣೆಯ ವೃತ್ತಿ

ಚೆನ್ನೈ ನಗರದ ನಡುಭಾಗದಲ್ಲಿರುವ ನುಂಗಂಬಾಕ್ಕಂ ಎಂಬ ಹೆಸರು ಹೊರಗಿನವರಿಗೆ ಹೆಚ್ಚಾಗಿ ಪರಿಚಿತವಾಗಿರುವುದು ಮಳೆಗಾಲದ ಸುದ್ದಿಗಳಿಂದ. ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರ ಅಲ್ಲಿರುವುದರಿಂದ, ನಗರದಲ್ಲಿ ಎಷ್ಟು ಸೆಂಟಿಮೀಟರ್ ಮಳೆ ಬಿತ್ತೆಂಬ ಲೆಕ್ಕ ಬಂದಾಗಲೆಲ್ಲ ಆ ಹೆಸರೂ ಬರುತ್ತದೆ. ಕ್ರೀಡಾಸಕ್ತರಿಗೆ ಮಾತ್ರ ಅದು ಟೆನಿಸ್‌ನ ಊರು. 1995ರ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆಂದು ಅಲ್ಲಿ ಕಟ್ಟಿದ ಟೆನಿಸ್ ಕ್ರೀಡಾಂಗಣದಲ್ಲಿ 1997ರಿಂದ 2017ರವರೆಗೆ ಎಟಿಪಿ, ಅಂದರೆ ಪುರುಷರ ವೃತ್ತಿಪರ ಟೆನಿಸ್ ನಡೆಸುವ ಜಾಗತಿಕ ಸಂಘದ ಮಾನ್ಯತೆ ಪಡೆದ ಪಂದ್ಯಾವಳಿ ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಪ್ರಾಯೋಜಕರು ಬದಲಾದಂತೆ ಹೆಸರು ಬದಲಾಗುತ್ತಿದ್ದರೂ ಜನರ ಬಾಯಲ್ಲಿ ಅದು ಚೆನ್ನೈ ಓಪನ್ ಆಗಿಯೇ ಉಳಿಯಿತು. ಆ ಅಂಗಳದಲ್ಲಿ ಆಡಿದವರ ಏಳುಬೀಳುಗಳು ದಾಖಲೆ ಪುಸ್ತಕಗಳಲ್ಲಿವೆ. ಅಂಗಳದ ಮೇಲ್ಭಾಗದ ಗಾಜಿನ ಕೋಣೆಯಲ್ಲಿ ಕೂತು ಆ ಆಟವನ್ನು ಲೋಕಕ್ಕೆ ಹೇಳಿದವರ ಏಳುಬೀಳುಗಳಿಗೆ ಅಂಥ ಪುಸ್ತಕವಿಲ್ಲ.

ಕನ್ನಡದಲ್ಲಿ ಈ ಕೆಲಸಕ್ಕೆ ವೀಕ್ಷಕ ವಿವರಣೆ ಎಂಬ ಹೆಸರು ರೂಢಿಯಲ್ಲಿದೆ. ಆಡುಮಾತಿನಲ್ಲಿ ಎಲ್ಲರೂ ಕಾಮೆಂಟರಿ ಎನ್ನುವುದುಂಟಾದರೂ ವೀಕ್ಷಕ ವಿವರಣೆ ಎಂಬ ಪದ ಕೆಲಸದ ಸ್ವರೂಪವನ್ನು ಹೆಚ್ಚು ಸರಿಯಾಗಿ ಹಿಡಿದಿದೆ, ಏಕೆಂದರೆ ಹೇಳುವವನು ಮೊದಲು ನೋಡುವವನಾಗಿರಬೇಕು. ಆಟಗಾರನಿಗೆ ಶ್ರೇಯಾಂಕವಿದೆ, ಸರಾಸರಿಯಿದೆ. ಸೋತರೆ ಏಕೆ ಸೋತನೆಂದು ಅಂಕಪಟ್ಟಿ ಹೇಳುತ್ತದೆ. ವಿವರಣೆಗಾರನಿಗೆ ಇವು ಯಾವುವೂ ಇಲ್ಲ. ಅವನನ್ನು ಕರೆಸಿದ್ದೇಕೆ, ಮುಂದಿನ ಸರಣಿಗೆ ಕರೆಯದೆ ಬಿಟ್ಟಿದ್ದೇಕೆ ಎಂಬುದು ಎಷ್ಟೋ ಸಲ ಅವನಿಗೇ ತಿಳಿಯುವುದಿಲ್ಲ. ಈ ವೃತ್ತಿಯ ಚರಿತ್ರೆಯನ್ನು ಗಮನಿಸಿದರೆ, ದನಿ, ಭಾಷೆ, ಜ್ಞಾನಗಳಿಗಿಂತ ಹೆಚ್ಚಾಗಿ ಪ್ರಸಾರದ ಹಕ್ಕು ಯಾರ ಕೈಯಲ್ಲಿದೆ, ಪಂದ್ಯಾವಳಿ ಯಾವ ಊರಿನಲ್ಲಿದೆ, ಯಾವ ಭಾಷೆಗೆ ಮಾರುಕಟ್ಟೆಯಿದೆ ಎಂಬ ಮೂರು ಸಂಗತಿಗಳೇ ವಿವರಣೆಗಾರನ ಬದುಕನ್ನು ಮೇಲೆತ್ತಿರುವುದೂ ಕೆಳಗಿಳಿಸಿರುವುದೂ ಕಾಣುತ್ತದೆ.

ನುಂಗಂಬಾಕ್ಕಂನ ಮಟ್ಟಿಗೆ ಈ ಮಾತಿಗೆ ಹತ್ತಿರದ ನಿದರ್ಶನ ವಿಜಯ್ ಅಮೃತರಾಜ್. 1953ರಲ್ಲಿ ಮದರಾಸಿನಲ್ಲಿ ಹುಟ್ಟಿ, ನುಂಗಂಬಾಕ್ಕಂನ ಲೊಯೋಲಾ ಕಾಲೇಜಿನಲ್ಲಿ ಓದಿದ ಅವರು 1973ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡರಲ್ಲೂ ಕ್ವಾರ್ಟರ್ ಫೈನಲ್ ತಲುಪಿದರು. ಅಮೆರಿಕದಲ್ಲಿ ರಾಡ್ ಲೇವರ್ ಅವರನ್ನೂ ಮರುವರ್ಷ ಅಲ್ಲಿಯೇ ಬ್ಯೋರ್ನ್ ಬೋರ್ಗ್ ಅವರನ್ನೂ ಸೋಲಿಸಿದರು. 1980ರಲ್ಲಿ ವಿಶ್ವದ 18ನೇ ಶ್ರೇಯಾಂಕಕ್ಕೇರಿದರು. ಆದರೆ ಅವರ ಮುಂದಿನ ಕಸುಬಿಗೆ ಹೆಚ್ಚು ಒದಗಿಬಂದದ್ದು ಈ ಗೆಲುವುಗಳಲ್ಲ, ಕೈಗೆ ಬಂದು ಜಾರಿದ ಪಂದ್ಯಗಳು ಎನ್ನಬೇಕು. 1979ರ ವಿಂಬಲ್ಡನ್‌ನಲ್ಲಿ ಬೋರ್ಗ್ ವಿರುದ್ಧ ಎರಡು ಸೆಟ್‌ಗಳಿಗೆ ಒಂದರ ಮುನ್ನಡೆಯಲ್ಲಿದ್ದು ಸೋತರು; 1981ರ ಕ್ವಾರ್ಟರ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್ ಎದುರು ಮೊದಲ ಎರಡು ಸೆಟ್ ಗೆದ್ದೂ ಸೋತರು. ಮುನ್ನಡೆಯಲ್ಲಿರುವವನ ಕೈ ಯಾವ ಗಳಿಗೆಯಲ್ಲಿ ಬಿಗಿಯಾಗುತ್ತದೆಂಬುದನ್ನು ಸ್ವತಃ ಅನುಭವಿಸಿದವನು ಮೈಕಿನ ಮುಂದೆ ಅದನ್ನು ಅಂಕಪಟ್ಟಿಗಿಂತ ಎರಡು ನಿಮಿಷ ಮೊದಲೇ ಗುರುತಿಸುತ್ತಾನೆ. ಕೇಳುಗನಿಗೆ ಬೇಕಾಗಿರುವುದೂ ಅದೇ.

ಆಟದಿಂದ ನಿವೃತ್ತರಾದ ಮೇಲೆ ಏಷ್ಯಾದ ಟೆನಿಸ್ ವೀಕ್ಷಕರಿಗೆ ಅಮೃತರಾಜ್ ದೀರ್ಘಕಾಲ ವಿಂಬಲ್ಡನ್ನಿನ ದನಿಯಾದರು. ಸಿಂಗಪುರದಲ್ಲಿ ನೆಲೆಯಿದ್ದ ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಅವರ ಜೊತೆಗಾರರಾಗಿದ್ದವರು ವೇಲ್ಸ್‌ನ ಆಲನ್ ವಿಲ್ಕಿನ್ಸ್. ಗ್ಲಾಮೋರ್ಗನ್ ಮತ್ತು ಗ್ಲಾಸ್ಟರ್‌ಶೈರ್ ತಂಡಗಳಿಗೆ ಕ್ರಿಕೆಟ್ ಆಡಿದ್ದ ಅವರು ಟೆನಿಸ್ ವೀಕ್ಷಕರಿಗೂ ಮನೆಯವರಂತಾದದ್ದು ಈ ವೃತ್ತಿಯ ವಿಚಿತ್ರಗಳಲ್ಲಿ ಒಂದು. ಈ ಜೋಡಿಯ ಕೆಲಸದಲ್ಲಿ ಪ್ರಸಾರ ಜಗತ್ತಿನ ಒಂದು ಮೂಲ ವಿಂಗಡಣೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಬ್ಬರು ನಿರೂಪಕರು, ಅಂದರೆ ನಡೆದದ್ದನ್ನು ಹೇಳುತ್ತ ಕಾರ್ಯಕ್ರಮವನ್ನು ಮುಂದಕ್ಕೊಯ್ಯುವವರು. ಇನ್ನೊಬ್ಬರು ತಜ್ಞರು, ಅಂದರೆ ಅದು ಏಕೆ ನಡೆಯಿತೆಂದು ಬಿಡಿಸುವವರು. ಮಾಜಿ ಆಟಗಾರರು ಸಾಮಾನ್ಯವಾಗಿ ತಜ್ಞರ ಕುರ್ಚಿಯಲ್ಲಿ ಕೂರುತ್ತಾರೆ. ಆ ಕುರ್ಚಿಗೆ ಪ್ರತಿ ವರ್ಷ ಹೊಸದಾಗಿ ನಿವೃತ್ತರಾದವರ ಸಾಲೇ ಕಾದಿರುವುದರಿಂದ ಅಲ್ಲಿ ಪೈಪೋಟಿ ಹೆಚ್ಚು, ಹಳಬರಾಗುವ ಭಯವೂ ಹೆಚ್ಚು.

ಟೆನಿಸ್ ವಿವರಣೆಯ ಕೆಲಸ ಹೇಗಿರುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಕೋಣೆಯಲ್ಲಿ ವಿವರಣೆಗಾರನ ಎದುರು ಗಾಜು, ಗಾಜಿನಾಚೆ ಅಂಗಳ, ಗಾಜಿನೀಚೆ ಟಿವಿ ಪರದೆ. ಕಿವಿಗೆ ಹೆಡ್‌ಫೋನ್, ಅದರಲ್ಲಿ ಪ್ರೇಕ್ಷಕರ ಸದ್ದಿನ ಜೊತೆಗೆ ನಿರ್ದೇಶಕನ ಆದೇಶಗಳೂ ಬರುತ್ತಿರುತ್ತವೆ, ಅದನ್ನು ಟಾಕ್‌ಬ್ಯಾಕ್ ಎನ್ನುತ್ತಾರೆ. ‘ಹತ್ತು ಸೆಕೆಂಡಿನಲ್ಲಿ ಜಾಹೀರಾತು’ ಎಂದು ಒಬ್ಬರು ಕಿವಿಯಲ್ಲಿ ಹೇಳುತ್ತಿರುವಾಗಲೇ ಬಾಯಿ ಬೇರೊಂದು ವಾಕ್ಯವನ್ನು ತೊದಲದೆ ಮುಗಿಸಬೇಕು. ಕೆಮ್ಮು ಬಂದರೆ ಮೈಕ್ ಮುಚ್ಚಲು ಕೈಯ ಬಳಿಯೇ ಒಂದು ಗುಂಡಿ ಇರುತ್ತದೆ. ಮುಖ್ಯ ಸಂಗತಿಯೆಂದರೆ, ಚೆಂಡು ಆಟದಲ್ಲಿರುವಾಗ ಟೆನಿಸ್ ವಿವರಣೆಗಾರ ಮೌನವಾಗಿರಬೇಕು. ಒಂದು ಪಾಯಿಂಟ್ ಮುಗಿದು ಮುಂದಿನ ಸರ್ವ್ ಬೀಳುವವರೆಗಿನ ಇಪ್ಪತ್ತು, ಇಪ್ಪತ್ತೈದು ಸೆಕೆಂಡುಗಳಷ್ಟೇ ಅವನ ಪಾಲಿನವು. ರೇಡಿಯೊದ ವಿವರಣೆಗಾರನ ಪಾಡು ಇದಕ್ಕೆ ತಿರುವುಮುರುವು: ಅವನು ಸುಮ್ಮನಾದರೆ ಆಟವೇ ನಿಂತಂತೆ.

2008ರ ಜನವರಿಯಲ್ಲಿ ನುಂಗಂಬಾಕ್ಕಂನಲ್ಲಿ ರಫೆಲ್ ನಡಾಲ್ ಮತ್ತು ಕಾರ್ಲೋಸ್ ಮೋಯಾ ನಡುವೆ ನಡೆದ ಸೆಮಿಫೈನಲ್ ಈ ಸಂಯಮದ ಪರೀಕ್ಷೆಯಂತಿತ್ತು. ಮೂರೇ ಸೆಟ್‌ಗಳ ಪಂದ್ಯ. ಮೂರೂ ಟೈಬ್ರೇಕರ್‌ಗೆ, ಅಂದರೆ ಸಮಬಲ ಮುರಿಯಲು ಆಡಿಸುವ ನಿರ್ಣಾಯಕ ಗೇಮ್‌ಗೆ ಹೋದವು. 3 ಗಂಟೆ 54 ನಿಮಿಷಗಳ ನಂತರ ನಡಾಲ್ ಗೆದ್ದರು. ಮರುದಿನದ ಫೈನಲ್‌ನಲ್ಲಿ ಅದೇ ನಡಾಲ್ ಕಾಲೆಳೆಯುತ್ತ ಮಿಖಾಯಿಲ್ ಯೂಜ್ನಿಗೆ 6-0, 6-1ರಲ್ಲಿ ಶರಣಾದರು. ಮೊದಲ ದಿನ ಮಾತು ಸಾಲದೆಂಬಂಥ ಆಟ, ಎರಡನೆಯ ದಿನ ಮಾತೇ ಹುಟ್ಟದಂಥ ಆಟ; ವಿವರಣೆಗಾರನ ಕಸುಬು ಬಲ್ಲವರು ಎರಡನೆಯದನ್ನೇ ಕಷ್ಟದ್ದೆಂದು ಎಣಿಸುತ್ತಾರೆ. ಏಕಪಕ್ಷೀಯ ಪಂದ್ಯದಲ್ಲಿ ವೀಕ್ಷಕನನ್ನು ಹಿಡಿದಿಡುವ ಹೊಣೆ ಪೂರ್ತಿ ದನಿಯ ಮೇಲೆ ಬೀಳುತ್ತದೆ.

ಈ ದನಿಯ ಮೇಲಿನ ಒಡೆತನ ಯಾರದೆಂಬ ಪ್ರಶ್ನೆ ಭಾರತದಲ್ಲಿ ವೃತ್ತಿಯಷ್ಟೇ ಹಳೆಯದು. ಸ್ವಾತಂತ್ರ್ಯಪೂರ್ವದ ಆಕಾಶವಾಣಿಯಲ್ಲಿ ಎ. ಎಫ್. ಎಸ್. ತಲ್ಯಾರ್‌ಖಾನ್ ಬೆಳಗಿನಿಂದ ಸಂಜೆಯವರೆಗೆ ಇಡೀ ದಿನದ ಕ್ರಿಕೆಟ್ಟನ್ನು ಒಬ್ಬರೇ ಹೇಳುತ್ತಿದ್ದರು. 1948-49ರಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಮೈಕನ್ನು ಬೇರೆಯವರೊಂದಿಗೆ ಹಂಚಿಕೊಳ್ಳಬೇಕೆಂಬ ಮಾತು ಬಂತು. ಅವರು ಒಪ್ಪದೆ ಹೊರನಡೆದರು. ಆಗ ದೇಶದಲ್ಲಿ ಇದ್ದದ್ದು ಒಂದೇ ಪ್ರಸಾರ ಸಂಸ್ಥೆಯಾದ್ದರಿಂದ ಅಲ್ಲಿಂದ ಹೊರಬಿದ್ದವರಿಗೆ ಹೋಗಲು ಇನ್ನೊಂದು ಬಾಗಿಲಿರಲಿಲ್ಲ. ಆ ಬಾಗಿಲು ತೆರೆದದ್ದು 1990ರ ದಶಕದಲ್ಲಿ. ತರಂಗಾಂತರಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಪ್ರಸಾರದ ಹಕ್ಕು ಹರಾಜಿಗಿಡುವ ಸರಕಾಯಿತು. ವಿವರಣೆಗಾರರಿಗೆ ಹಲವು ಧಣಿಗಳು ದೊರೆತರು, ಸಂಭಾವನೆ ಏರಿತು. ಜೊತೆಗೇ, ಹಕ್ಕು ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಹೋದ ದಿನವೇ ಹಳೆಯ ಚಾನೆಲ್ಲಿನ ದನಿಗಳು ಕೆಲಸ ಕಳೆದುಕೊಳ್ಳುವ ಹೊಸ ಅನಿಶ್ಚಿತತೆಯೂ ಬಂತು. 2012ರಲ್ಲಿ ಇಎಸ್‌ಪಿಎನ್ ಪಾಲನ್ನು ಸ್ಟಾರ್ ಕೊಂಡಿತು, 2016ರಲ್ಲಿ ಟೆನ್ ಸ್ಪೋರ್ಟ್ಸನ್ನು ಕೊಳ್ಳುವುದಾಗಿ ಸೋನಿ ಘೋಷಿಸಿತು, 2024ರಲ್ಲಿ ಸ್ಟಾರ್ ಮತ್ತು ಜಿಯೊ ಒಂದಾದವು. ಹಕ್ಕಿನ ಬೆಲೆ ಸಾವಿರಾರು ಕೋಟಿಗೆ ಏರುತ್ತ ಹೋದಂತೆ ಧಣಿಗಳ ಸಂಖ್ಯೆ ಮತ್ತೆ ಬೆರಳೆಣಿಕೆಗೆ ಇಳಿದಿದೆ. ಒಂದರ್ಥದಲ್ಲಿ ಇದು ತಲ್ಯಾರ್‌ಖಾನರ ಕಾಲದತ್ತಲೇ ಮರಳುವ ದಾರಿ.

ಕ್ರಿಕೆಟ್‌ನಲ್ಲಿ ಇದಕ್ಕೆ ಇನ್ನೊಂದು ಗಂಟಿದೆ. ಭಾರತದಲ್ಲಿ ನಡೆಯುವ ಪಂದ್ಯಗಳ ಚಿತ್ರೀಕರಣವನ್ನು ಕ್ರಿಕೆಟ್ ಮಂಡಳಿ ತಾನೇ ಮಾಡಿಸತೊಡಗಿದ ಮೇಲೆ, ಎಲ್ಲ ದೇಶಗಳಿಗೂ ಹೋಗುವ ಸಾಮಾನ್ಯ ಪ್ರಸಾರದ ವಿವರಣೆಗಾರರೊಂದಿಗೆ ಕರಾರು ಮಾಡಿಕೊಳ್ಳುವುದೂ ಮಂಡಳಿಯೇ. ಯಾರ ಆಟವನ್ನು ವಿಮರ್ಶಿಸಬೇಕೋ ಅವರ ಮಂಡಳಿಯೇ ಸಂಬಳ ಕೊಡುವ ಈ ಏರ್ಪಾಟು ವಿಮರ್ಶೆಯ ಹಲ್ಲನ್ನು ಎಷ್ಟು ಉಳಿಸೀತೆಂಬುದು ಕೇಳಬೇಕಾದ ಪ್ರಶ್ನೆ. ಆಕಾಶವಾಣಿಯ ಹೈದರಾಬಾದ್ ಕೇಂದ್ರದಲ್ಲಿ ಹತ್ತೊಂಬತ್ತರ ವಯಸ್ಸಿನಲ್ಲಿ ಶುರುಮಾಡಿ, ದೊಡ್ಡ ಮಟ್ಟದ ಕ್ರಿಕೆಟ್ ಆಡದೆಯೇ ದೇಶದ ಅತ್ಯಂತ ಪರಿಚಿತ ದನಿಯಾದ ಹರ್ಷ ಭೋಗ್ಲೆ ಅವರನ್ನು 2016ರ ಐಪಿಎಲ್‌ಗೆ ಕೆಲವೇ ದಿನಗಳಿರುವಾಗ ಕೈಬಿಡಲಾಯಿತು. ಕಾರಣವನ್ನು ಯಾರೂ ತಮಗೆ ಹೇಳಿಲ್ಲವೆಂದು ಅವರು ಬಹಿರಂಗವಾಗಿ ಬರೆದುಕೊಂಡರು. 2020ರಲ್ಲಿ ಮಾಜಿ ಆಟಗಾರ ಸಂಜಯ್ ಮಂಜ್ರೇಕರ್ ಮಂಡಳಿಯ ವಿವರಣೆಗಾರರ ಪಟ್ಟಿಯಿಂದ ಹೊರಬಿದ್ದರು. ಇಬ್ಬರ ದನಿಯೂ ಮುಂದೆ ಮತ್ತೆ ಕೇಳಿಸಿತು. ಹೆಸರು ಮಾಡಿದವರಿಗೆ ಮರಳುವ ದಾರಿಯುಂಟು. ಹೆಸರು ಮಾಡುವ ಮೊದಲೇ ಪಟ್ಟಿಯಿಂದ ಜಾರಿದವರ ವಿಷಯ ಸುದ್ದಿಯಾಗುವುದಿಲ್ಲ.

ಬೆಂಗಳೂರಿನ ಚಾರು ಶರ್ಮಾ ಅವರ ಬದುಕು ಈ ಏರಿಳಿತಕ್ಕೆ ಬೇರೊಂದು ಬಗೆಯ ಉದಾಹರಣೆ. 2003ರ ಕ್ರಿಕೆಟ್ ವಿಶ್ವಕಪ್ ಕಾಲದಲ್ಲಿ ಟಿವಿ ನಿರೂಪಕರಾಗಿ ಮನೆಮಾತಾಗಿದ್ದ ಅವರು 2008ರಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಮುಖ್ಯ ಕಾರ್ಯನಿರ್ವಾಹಕರಾದರು. ತಂಡ ಸೋಲುತ್ತ ಹೋಯಿತು, ಋತುವಿನ ನಡುವೆಯೇ ಅವರ ಸ್ಥಾನಕ್ಕೆ ಬ್ರಿಜೇಶ್ ಪಟೇಲ್ ಬಂದರು. ಆದರೆ ಅದಕ್ಕೂ ಮೊದಲೇ, 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ವಿವರಣೆ ಕೊಡುವಾಗ ಆ ಆಟ ಟಿವಿಗೆ ಎಷ್ಟು ಒಗ್ಗುತ್ತದೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ಅದು ಉದ್ಯಮಿ ಆನಂದ್ ಮಹೀಂದ್ರಾ ಅವರೊಡನೆ ಮಶಾಲ್ ಸ್ಪೋರ್ಟ್ಸ್ ಸಂಸ್ಥೆಯಾಗಿ, 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆಗಿ ಫಲಿಸಿತು. 2022ರ ಫೆಬ್ರುವರಿ 12ರಂದು ಬೆಂಗಳೂರಿನಲ್ಲಿ ಐಪಿಎಲ್ ಆಟಗಾರರ ಹರಾಜು ನಡೆಯುತ್ತಿರುವಾಗ ಹರಾಜುಗಾರ ಹ್ಯೂ ಎಡ್ಮೀಡ್ಸ್ ವೇದಿಕೆಯಲ್ಲೇ ಕುಸಿದರು. ಸ್ವಲ್ಪ ಹೊತ್ತಿನಲ್ಲೇ ಅವರ ಜಾಗದಲ್ಲಿ ಸುತ್ತಿಗೆ ಹಿಡಿದು ನಿಂತವರು ಚಾರು ಶರ್ಮಾ. ಮುಂಚಿತವಾಗಿ ಯಾವ ತಯಾರಿಯೂ ಇಲ್ಲದೆ ಅಂಥ ಹರಾಜನ್ನು ಮುನ್ನಡೆಸಲು ಅವರಿಗೆ ಒದಗಿದ್ದು ನೇರಪ್ರಸಾರದ ದಶಕಗಳ ಅಭ್ಯಾಸವೇ: ಕಿವಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ, ಮಾತು ಮಾತ್ರ ನಿಲ್ಲಕೂಡದು.

ಊರು ಬದಲಾದಾಗ ಏನಾಗುತ್ತದೆಂಬುದನ್ನು ನುಂಗಂಬಾಕ್ಕಂ 2017ರ ನಂತರ ಕಂಡಿತು. ಎಟಿಪಿ ಪಂದ್ಯಾವಳಿ ಪುಣೆಗೆ ಹೋಯಿತು. ಜನವರಿಯ ಮೊದಲ ವಾರದಲ್ಲಿ ಚೆನ್ನೈನಿಂದ ಲೋಕಕ್ಕೆ ಹೊರಡುತ್ತಿದ್ದ ಪ್ರಸಾರ ನಿಂತಿತು. 2019ರಲ್ಲಿ ತಮಿಳುನಾಡು ಟೆನಿಸ್ ಸಂಸ್ಥೆಯ ಅಧ್ಯಕ್ಷರಾದ ಅಮೃತರಾಜ್ ಅವರ ಅವಧಿಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಮಹಿಳೆಯರ ಡಬ್ಲ್ಯುಟಿಎ ಪಂದ್ಯಾವಳಿ ಅದೇ ಅಂಗಳಕ್ಕೆ ಬಂತು, ಜೆಕ್ ಗಣರಾಜ್ಯದ ಹದಿನೇಳರ ಹುಡುಗಿ ಲಿಂಡಾ ಫ್ರುಹ್ವಿರ್ತೊವಾ ಗೆದ್ದಳು. ಮೈಕಿನ ಹಿಂದೆ ಕೂತಿದ್ದವರೇ ಮೈಕಿಗೆ ಕೆಲಸ ತರುವವರಾದದ್ದು ಇಲ್ಲಿಯ ವಿಶೇಷ. 2024ರ ಜುಲೈನಲ್ಲಿ ನ್ಯೂಪೋರ್ಟ್‌ನ ಅಂತಾರಾಷ್ಟ್ರೀಯ ಟೆನಿಸ್ ಕೀರ್ತಿಭವನಕ್ಕೆ ಲಿಯಾಂಡರ್ ಪೇಸ್ ಆಟಗಾರರಾಗಿಯೂ ಅಮೃತರಾಜ್ ‘ಕೊಡುಗೆದಾರ’ ವಿಭಾಗದಲ್ಲಿಯೂ ಸೇರಿದರು. ರ‍್ಯಾಕೆಟ್ಟಿನಿಂದ ದಕ್ಕದ ಸ್ಥಾನ ಅದರಾಚೆಯ ದುಡಿಮೆಯಿಂದ ದಕ್ಕಿತು. ವಿವರಣೆಯ ವರ್ಷಗಳೂ ಆ ದುಡಿಮೆಯ ಒಂದು ಭಾಗ.

ಇನ್ನು ಭಾಷೆಯ ಮಾತು. ತಮಿಳಿಗೆ ಪ್ರತ್ಯೇಕ ಸ್ಟಾರ್ ಸ್ಪೋರ್ಟ್ಸ್ ಚಾನೆಲ್ 2017ರಲ್ಲಿ ಬಂತು, ಕನ್ನಡಕ್ಕೆ 2018ರ ಕೊನೆಯಲ್ಲಿ. ಇದರಿಂದ ಕರ್ನಾಟಕದ ಎಷ್ಟೋ ಮಾಜಿ ಆಟಗಾರರಿಗೆ ಎರಡನೆಯ ಇನಿಂಗ್ಸ್ ದೊರೆಯಿತು. 1999ರ ನೈರೋಬಿ ಎಲ್‌ಜಿ ಕಪ್‌ನಲ್ಲಿ ಸರಣಿಶ್ರೇಷ್ಠರಾಗಿಯೂ ಭಾರತಕ್ಕೆ ಬರೀ 3 ಟೆಸ್ಟ್, 10 ಏಕದಿನ ಪಂದ್ಯಗಳಲ್ಲಿ ಆಡಿದ ವಿಜಯ್ ಭಾರದ್ವಾಜ್ ಅವರ ಮಾತನ್ನು ಇಂದಿನ ಹುಡುಗರು ಅವರ ಆಟಕ್ಕಿಂತ ಚೆನ್ನಾಗಿ ಬಲ್ಲರು. ಆದರೆ ಭಾಷೆಯ ಮೈಕ್ ಮೊದಲು ಹೋಗುವುದು ಕ್ರಿಕೆಟ್ಟಿಗೆ. ಉಳಿದ ಆಟಗಳು ಸರದಿಯಲ್ಲಿ ಕಾಯಬೇಕು. 2017ರ ಜನವರಿಯಲ್ಲಿ ನುಂಗಂಬಾಕ್ಕಂನ ಕೊನೆಯ ಎಟಿಪಿ ಪಂದ್ಯಾವಳಿಯ ಡಬಲ್ಸ್ ಫೈನಲ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ, ಚೆನ್ನೈನ ಜೀವನ್ ನೆಡುಂಚೆಳಿಯನ್ ಜೊತೆಗೂಡಿ ಪುರವ್ ರಾಜಾ ಮತ್ತು ದಿವಿಜ್ ಶರಣ್ ಅವರನ್ನು 6-3, 6-4ರಲ್ಲಿ ಸೋಲಿಸಿ ಪ್ರಶಸ್ತಿ ಎತ್ತಿದಾಗ ಕನ್ನಡದಲ್ಲಿ ಒಂದು ಕ್ರೀಡಾ ಚಾನೆಲ್ಲೂ ಇರಲಿಲ್ಲ. ಅದು ಬರುವ ಹೊತ್ತಿಗೆ ಪಂದ್ಯಾವಳಿ ಪುಣೆ ಸೇರಿಯಾಗಿತ್ತು.