ಹೆಚ್ಚು ಓದದ ತಾಯಿ ಎಸ್‌ಡಿಎಂಸಿಗೆ ನಿಲ್ಲಬಹುದೇ?

ಪ್ರಶ್ನೆ: ನಾನು ಹೆಚ್ಚು ಓದಿದವಳಲ್ಲ. ಮಗಳು ಕಲಿಯುವ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ನಿಲ್ಲಬಹುದೇ? ನಿಂತು ಏನು ಪ್ರಯೋಜನ?

ಉತ್ತರ: ಧಾರಾಳವಾಗಿ ನಿಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಇಷ್ಟೇ ಓದಿರಬೇಕೆಂದು ಆ ಕಲಂ ಹೇಳುವುದಿಲ್ಲ. ಅದಕ್ಕೆ ಕಾರಣವೂ ಇದೆ. ಪಾಠ ಹೇಗೆ ಮಾಡಬೇಕೆಂದು ಶಿಕ್ಷಕರಿಗೆ ಹೇಳಿಕೊಡುವುದು ಸಮಿತಿಯ ಕೆಲಸವಲ್ಲ. ಶಾಲೆ ನಡೆಯುವ ಬಗೆಯನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ರೂಪಿಸುವುದು, ಅನುದಾನ ಎಲ್ಲಿ ಖರ್ಚಾಯಿತೆಂದು ಕೇಳುವುದು ಅದರ ಕೆಲಸ. ಬಿಸಿಯೂಟದ ದಾಸ್ತಾನು ವಹಿಯಲ್ಲಿ ಬರೆದ ಅಕ್ಕಿಗೂ ಕೋಣೆಯಲ್ಲಿರುವ ಮೂಟೆಗೂ ತಾಳೆಯಾಗುತ್ತದೆಯೇ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿದೆಯೇ, ಅಲ್ಲಿ ನೀರು ಬರುತ್ತದೆಯೇ ಎಂಬುದನ್ನು ಆ ಶಾಲೆಗೆ ಮಗಳನ್ನು ಕಳಿಸುವ ತಾಯಿಗಿಂತ ಕಾಳಜಿಯಿಂದ ಯಾರು ನೋಡಿಯಾರು?

ಸಮಿತಿಗೆ ಊರ ರಾಜಕೀಯ ನುಗ್ಗುತ್ತದೆ, ಎಷ್ಟೋ ಕಡೆ ಸಹಿ ಹಾಕುವುದಷ್ಟೇ ಸದಸ್ಯರ ಕೆಲಸ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಪೋಷಕರ ಸಭೆಗೆ ಬೆರಳೆಣಿಕೆಯ ಜನ ಬಂದಾಗಲೇ ಪ್ರಭಾವಿಗಳು ಹೇಳಿದವರು ಸುಲಭವಾಗಿ ಆಯ್ಕೆಯಾಗುವುದು. ಹಾಗಾಗಿ ನಿಮ್ಮ ಕೇರಿಯ ತಾಯಂದಿರನ್ನೂ ಸಭೆಗೆ ಕರೆತನ್ನಿ. ಕೂಲಿ ಬಿಟ್ಟು ಬರುವುದು ಬಡವರಿಗೆ ಕಷ್ಟ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಕೆಲಸ ಮುಗಿದ ಸಂಜೆಯ ಹೊತ್ತಿಗೆ ಸಭೆ ಇಡಿ ಎಂದು ಮುಖ್ಯಶಿಕ್ಷಕರನ್ನು ಮೊದಲೇ ಒತ್ತಾಯಿಸಿ. ಆಯ್ಕೆಯಾದ ಮೇಲೆ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸದೆ ಸಹಿ ಮಾಡಬೇಡಿ.