ಬ್ಲೂಕೀಪ್: ಪಾಸ್‌ವರ್ಡೇ ಬೇಡದ ದಾಳಿ

ಕ್ವಾಲಾಲಂಪುರದಲ್ಲಿ ಕೂತು ಬೆಂಗಳೂರಿನ ಆಫೀಸ್ ಕಂಪ್ಯೂಟರ್ ತೆರೀತೀರಾ? ಹಾಗಾದ್ರೆ ಬ್ಲೂಕೀಪ್ ಬಗ್ಗೆ ನಿಮಗೆ ಗೊತ್ತಿರಲೇಬೇಕು.

2019ರ ಮೇ 14. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಬ್ಲೂಕೀಪ್ ಅನ್ನೋ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು. 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಕೊಟ್ಟಿತು ಅಂದ್ರೆ ಅಪಾಯ ಎಷ್ಟಿತ್ತು ನೋಡಿ!

ದಾಳಿ ನಡೆಯೋದು ಹೀಗೆ: ರಿಮೋಟ್ ಡೆಸ್ಕ್‌ಟಾಪ್ ಸರ್ವರ್‌ನೊಳಗೆ ಎಂಎಸ್_ಟಿ120 ಅನ್ನೋ ಚಾನೆಲ್ (ಡೇಟಾ ಸಾಗೋ ದಾರಿ) ಚಾನೆಲ್ ಪಟ್ಟಿಯ 31ನೇ ಸ್ಥಾನದಲ್ಲಿರುತ್ತೆ. ದಾಳಿಕೋರ ಅದೇ ಹೆಸರಿನ ಚಾನೆಲ್ ಕೇಳಿದ್ರೆ, ಅದಕ್ಕೆ ಇನ್ನೊಂದು ಸ್ಥಾನವೂ ಸಿಗುತ್ತೆ. ಅಲ್ಲಿಂದ ಚಾನೆಲ್ ಮುಚ್ಚಿಸಿದಾಗ ಅದರ ಮೆಮೊರಿ ಬಿಡುಗಡೆ ಆಗುತ್ತೆ. ಆದ್ರೆ 31ನೇ ಸ್ಥಾನ ಇನ್ನೂ ಆ ಹಳೇ ವಿಳಾಸವನ್ನೇ ಹಿಡ್ಕೊಂಡಿರುತ್ತೆ. ಆ ಖಾಲಿ ಜಾಗದಲ್ಲಿ ಅವನು ತನ್ನ ಡೇಟಾ ತುಂಬ್ತಾನೆ, ಸರ್ವರ್ ಅದನ್ನೇ ನಂಬಿ ನಡೆಯುತ್ತೆ. ಲಾಗಿನ್ ಆಗೋದೂ ಬೇಕಿಲ್ಲ.

ವಿಂಡೋಸ್ 7, ಸರ್ವರ್ 2008 ಇನ್ನೂ ಓಡ್ತಿದ್ರೆ ಇವತ್ತೇ ಪ್ಯಾಚ್ ಹಾಕಿಸಿ. ರಿಮೋಟ್ ಡೆಸ್ಕ್‌ಟಾಪ್ ಬಳಸೋ 3389 ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಮಲೇಷ್ಯಾದಲ್ಲಿ ದಾಳಿ ಆದ್ರೆ ಸೈಬರ್‌999 ಸಹಾಯ ಕೇಂದ್ರಕ್ಕೆ ತಿಳಿಸಿ.